ಅಕ್ರಿಲಿಕ್ ಜಾರಿನ ಲೀಕ್ ಟೆಸ್ಟರ್: ಯಾವ ತೂತು ಕಾಣುತ್ತದೆ, ಯಾವುದು ಕಾಣುವುದಿಲ್ಲ

ತುಮಕೂರಿನ ವಸಂತನರಸಾಪುರ, ಕೋಲಾರದ ಮಾಲೂರು ಮತ್ತು ವೇಮಗಲ್, ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು. ಈ ಕಡೆಯ ಸಣ್ಣ ಆಹಾರ, ಔಷಧ ಘಟಕಗಳ ಕ್ಯೂಸಿ (ಗುಣಮಟ್ಟ ತಪಾಸಣೆ) ಮೇಜಿಗೆ ಮೊದಲು ಬರುವ ಉಪಕರಣ ಸಾಮಾನ್ಯವಾಗಿ ಒಂದೇ: ದಪ್ಪ ಅಕ್ರಿಲಿಕ್ ಜಾರು, ಮೇಲೊಂದು ಮುಚ್ಚಳ, ಪಕ್ಕದಲ್ಲಿ ಗೇಜ್ ಮತ್ತು ಟೈಮರ್ ಇರುವ ಪೆಟ್ಟಿಗೆ. ಕೊಬ್ಬರಿ ಪುಡಿ ಪ್ಯಾಕೆಟ್ಟಿರಲಿ, ಟೊಮೆಟೊ ಪ್ಯೂರಿಯ ಪೌಚಿರಲಿ, ಮಾತ್ರೆಯ ಸ್ಟ್ರಿಪ್ ಇರಲಿ, ನೀರಿಗೆ ಮುಳುಗಿಸು, ಗಾಳಿ ಎಳೆ, ಗುಳ್ಳೆ ನೋಡು. ಬೇರೆ ಬೇರೆ ಲೇಬಲ್ ಅಂಟಿಸಿ ಮಾರುವ ಈ ಟೆಸ್ಟರ್‌ಗಳ ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಮಾಲಿನದ್ದಲ್ಲ, 300 ಮಿ.ಮೀ. ವ್ಯಾಸದ ಜಾರಿರುವ ಈ ಇಡೀ ಬಗೆಯದ್ದು.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಪೌಚಿನಲ್ಲಿ ಆಹಾರ ತುಂಬುವ ಘಟಕಕ್ಕೆ ಇದು ಬೇಕೇ ಬೇಕು. ಸೀಲಿಂಗ್ ಯಂತ್ರ ಕೈಕೊಡುತ್ತಿರುವುದನ್ನು ಇಷ್ಟು ಬೇಗ, ಇಷ್ಟು ಕಡಿಮೆ ಖರ್ಚಿನಲ್ಲಿ ತೋರಿಸುವ ಬೇರೆ ಸಾಧನ ಇಲ್ಲ. ಆದರೆ ಸ್ಟೆರೈಲ್ (ಸೂಕ್ಷ್ಮಜೀವಿರಹಿತ) ಔಷಧಕ್ಕೋ ವೈದ್ಯಕೀಯ ಸಾಮಗ್ರಿಗೋ ಇದನ್ನೊಂದನ್ನೇ ನಂಬಿ ಬ್ಯಾಚ್ ಹೊರಗೆ ಬಿಡಬಾರದು. ಕಾರಣ ಉಪಕರಣದ ಗುಣಮಟ್ಟವಲ್ಲ, ನೀರಿನ ಸ್ವಭಾವ. ಅದನ್ನು ಮುಂದೆ ಲೆಕ್ಕ ಸಮೇತ ನೋಡೋಣ.

ಪಂಪ್ ಬೇಕೋ, ಎಜೆಕ್ಟರ್ ಬೇಕೋ

ಕೊಳ್ಳುವಾಗ ಎದುರಾಗುವ ಮೊದಲ ಆಯ್ಕೆ ಇದು. ಒಂದು ಮಾದರಿಯಲ್ಲಿ ಎಣ್ಣೆ ತುಂಬಿದ ರೋಟರಿ ವ್ಯಾಕ್ಯೂಮ್ ಪಂಪ್ ಇರುತ್ತದೆ. ಇನ್ನೊಂದರಲ್ಲಿ ಪಂಪ್ ಇಲ್ಲ. ಕಂಪ್ರೆಸರಿನಿಂದ 5ರಿಂದ 6 ಬಾರ್ ಗಾಳಿ ಕೊಟ್ಟರೆ ವೆಂಚುರಿ ಎಜೆಕ್ಟರ್ ಅದರಿಂದಲೇ ಎಳೆತ (ವ್ಯಾಕ್ಯೂಮ್, ಅಂದರೆ ಹೊರಗಿಗಿಂತ ಕಡಿಮೆ ಒತ್ತಡ) ಹುಟ್ಟಿಸುತ್ತದೆ. ಘಟಕದಲ್ಲಿ ಹೇಗೂ ಕಂಪ್ರೆಸರ್ ಇದ್ದರೆ ಎಜೆಕ್ಟರಿನದ್ದನ್ನೇ ತೆಗೆದುಕೊಳ್ಳಿ. ಜಾರಿನಲ್ಲಿರುವುದು ನೀರು, ಎಳೆದಷ್ಟೂ ನೀರಿನ ಆವಿ ಪಂಪಿಗೆ ಹೋಗುತ್ತದೆ, ಎಣ್ಣೆಯೊಳಗೆ ನೀರಾಗಿ ನಿಲ್ಲುತ್ತದೆ. ಕೆಲವೇ ವಾರಗಳಲ್ಲಿ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾದರೆ ಅಚ್ಚರಿಯಿಲ್ಲ, ಆಮೇಲೆ ಎಳೆತವೂ ಕುಗ್ಗುತ್ತದೆ. ಎಜೆಕ್ಟರಿನಲ್ಲಿ ಎಣ್ಣೆಯೂ ಇಲ್ಲ, ಸವೆಯುವ ರೆಕ್ಕೆಯೂ ಇಲ್ಲ. ಅದರ ದೌರ್ಬಲ್ಯ ಬೇರೆ: ಲೈನಿನ ಗಾಳಿಯೊತ್ತಡ ಇಳಿದ ಕೂಡಲೇ ಎಳೆತವೂ ಇಳಿಯುತ್ತದೆ. ಪ್ಯಾಕಿಂಗ್ ಯಂತ್ರದ ಸಿಲಿಂಡರ್‌ಗಳೂ ಅದೇ ಲೈನಿನಲ್ಲಿದ್ದರೆ ಗೇಜಿನ ಮುಳ್ಳು ಕುಣಿಯುತ್ತಲೇ ಇರುತ್ತದೆ. ಟೆಸ್ಟರಿಗೆ ಪ್ರತ್ಯೇಕ ರೆಗ್ಯುಲೇಟರ್, ಅದಕ್ಕೂ ಮುಂಚೆ ನೀರು ಹಿಡಿಯುವ ಫಿಲ್ಟರ್ ಹಾಕಿಸಿ.

ಪಂಪಿನದ್ದೇ ಬೇಕಾದರೆ ಎರಡು ವಿಷಯ ಬಿಡಬೇಡಿ. ಜಾರಿಗೂ ಪಂಪಿಗೂ ನಡುವೆ ನಾನ್-ರಿಟರ್ನ್ ವಾಲ್ವ್ ಇರಲೇಬೇಕು. ಅದಿಲ್ಲದಿದ್ದರೆ ಪರೀಕ್ಷೆಯ ನಡುವೆ ಕರೆಂಟು ಹೋದಾಗ ಜಾರಿನ ಎಳೆತಕ್ಕೆ ಪಂಪಿನ ಎಣ್ಣೆ ಹಿಂದಕ್ಕೆ ಬರುತ್ತದೆ. ದಿನದ ಕೆಲಸ ಮುಗಿದ ಮೇಲೆ ಗ್ಯಾಸ್ ಬ್ಯಾಲಸ್ಟ್ ವಾಲ್ವ್ ತೆರೆದು ಇಪ್ಪತ್ತು ನಿಮಿಷ ಪಂಪ್ ಓಡಿಸಿ. ಎಣ್ಣೆಯಲ್ಲಿ ಸೇರಿದ ಆವಿ ಹೊರಗೆ ಹೋಗುತ್ತದೆ.

ಜಾರಿನ ಬಗ್ಗೆ ಒಂದು ಗಂಭೀರ ಎಚ್ಚರಿಕೆ. 300 ಮಿ.ಮೀ. ಮುಚ್ಚಳದ ಮೇಲೆ 380 ಮಿ.ಮೀ. ಪಾದರಸದಷ್ಟು ಎಳೆತ ಇದ್ದಾಗ ಹೊರಗಿನ ಗಾಳಿ ಒತ್ತುವ ಭಾರ ಸುಮಾರು 365 ಕಿಲೋ. ಔಷಧ ಘಟಕಗಳಲ್ಲಿ ಕಂಡದ್ದನ್ನೆಲ್ಲ 70 ಶೇಕಡಾ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸುವ ಅಭ್ಯಾಸ ಇದೆ. ಅಕ್ರಿಲಿಕ್ಕಿಗೆ ಆಲ್ಕೋಹಾಲ್ ಆಗುವುದಿಲ್ಲ. ಮೊದಲು ಕೂದಲೆಳೆಯಂಥ ಬಿರುಕುಗಳ ಬಲೆ ಮೂಡುತ್ತದೆ, ಬೆಳಕಿಗೆ ಹಿಡಿದರೆ ಮಿನುಗುತ್ತದೆ. ಆಮೇಲೊಂದು ದಿನ ಎಳೆತದ ನಡುವೆಯೇ ಜಾರು ಒಡೆಯಬಹುದು. ಸಾಬೂನು ನೀರು, ಮೆತ್ತನೆ ಬಟ್ಟೆ, ಅಷ್ಟು ಸಾಕು. ಬಿರುಕಿನ ಬಲೆ ಕಂಡ ದಿನವೇ ಜಾರು ಬದಲಾಯಿಸಿ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಹತ್ತಿರ ಬಗ್ಗಿ ನೋಡಬೇಡಿ.

ನಮ್ಮ ಎತ್ತರ, ನಮ್ಮ ಗೇಜು

ಕೈಪಿಡಿ ಬರೆದವರು ಸಮುದ್ರಮಟ್ಟದ ಊರನ್ನು ಮನಸ್ಸಿನಲ್ಲಿಟ್ಟು ಬರೆದಿರುತ್ತಾರೆ. ಈ ಮೂರು ಜಿಲ್ಲಾ ಕೇಂದ್ರಗಳು ಇರುವುದು 800ರಿಂದ 900 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯೊತ್ತಡ 760 ಅಲ್ಲ, ಸುಮಾರು 685ರಿಂದ 690 ಮಿ.ಮೀ. ಪಾದರಸ. ಅಂದರೆ ಜಗತ್ತಿನ ಅತ್ಯುತ್ತಮ ಪಂಪ್ ತಂದಿಟ್ಟರೂ ಇಲ್ಲಿ ಗೇಜು 690 ದಾಟುವಂತಿಲ್ಲ. 720 ತೋರಿಸಿತೆಂದರೆ ಪಂಪಿನ ಹೆಚ್ಚುಗಾರಿಕೆಯಲ್ಲ, ಗೇಜು ಸುಳ್ಳು ಹೇಳುತ್ತಿದೆ. ಎಜೆಕ್ಟರ್ ಮಾದರಿ 600ರ ಆಸುಪಾಸಿನಲ್ಲಿ ನಿಲ್ಲುವುದು ದೋಷವಲ್ಲ. ಇನ್ನು 650 ದಾಟಿಸಿದರೆ ಕೋಣೆಯ ಬಿಸಿಗೇ ನೀರು ಕುದಿಯುವ ಹತ್ತಿರ ಬಂದು ಎಲ್ಲೆಲ್ಲೂ ಗುಳ್ಳೆ ಏಳುತ್ತದೆ. ಆ ಮಟ್ಟದಲ್ಲಿ ಪರೀಕ್ಷೆಗೆ ಅರ್ಥವಿಲ್ಲ.

ಎತ್ತರದ ಇನ್ನೊಂದು ಪರಿಣಾಮ ಮಾರಾಟದವರಿಗೆ ತಲೆನೋವು ತರುವಂಥದ್ದು. ಇಲ್ಲಿ ಗಾಳಿ ತುಂಬಿ ಸೀಲ್ ಮಾಡಿದ ಪೊಟ್ಟಣ ಚೆನ್ನೈಗೋ ಮಂಗಳೂರಿಗೋ ಇಳಿದರೆ ಒಳಗಿನ ಗಾಳಿಯ ಗಾತ್ರ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಕುಗ್ಗುತ್ತದೆ. ಅಂಗಡಿಯವರು ‘ಗಾಳಿ ಹೋಗಿದೆ, ಲೀಕ್ ಮಾಲು’ ಎಂದು ವಾಪಸ್ ಕಳಿಸುತ್ತಾರೆ. ಆ ಪ್ಯಾಕನ್ನು ಜಾರಿಗೆ ಹಾಕಿ ನೋಡದೆ ಸೀಲಿಂಗ್ ಆಪರೇಟರ್ ಮೇಲೆ ಹಾಯಬೇಡಿ.

ಹಾಗಾದರೆ ಎಷ್ಟು ಎಳೆತ ಕೊಡಬೇಕು? ಪ್ಯಾಕು ಎಲ್ಲಿಗೆ ಹೋಗುತ್ತದೆ ಎನ್ನುವುದು ಒಂದು ಲೆಕ್ಕ. ವಿಮಾನದ ಒಳಗೆ ಸಾಮಾನ್ಯವಾಗಿ ಸುಮಾರು 2,400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡ ಕಾಯುತ್ತಾರೆ. ನಮ್ಮೂರಿಗೆ ಹೋಲಿಸಿದರೆ 125 ಮಿ.ಮೀ. ಪಾದರಸದಷ್ಟು ಕಡಿಮೆ. ಲೇಹ್‌ಗೆ ಹೋಗುವ ಮಾಲಿಗೆ 195, ದಾರಿಯಲ್ಲಿ 5,300 ಮೀಟರ್ ಎತ್ತರದ ಘಾಟಿ ದಾಟಬೇಕಾದರೆ 300ರ ಹತ್ತಿರ. ಇದು ಪ್ಯಾಕು ತಡೆಯಬೇಕಾದ ಕನಿಷ್ಠ. ಲೀಕ್ ಕಂಡುಹಿಡಿಯಲು ಬೇಕಾದ ಎಳೆತ ಇನ್ನೊಂದೇ ಲೆಕ್ಕ, ಹೆಚ್ಚಿನವರು ತಪ್ಪುವುದು ಇಲ್ಲಿ.

ಒಂದು ಪೌಚಿನಲ್ಲಿ 60 ಮಿ.ಲೀ. ಗಾಳಿ ಇದೆ, ಪೂರ್ತಿ ಉಬ್ಬಿದರೆ 100 ಮಿ.ಲೀ. ಗಾಳಿಗೆ ಜಾಗ ಇದೆ ಎಂದುಕೊಳ್ಳಿ. ಜಾರಿನಲ್ಲಿ 200 ಮಿ.ಮೀ. ಎಳೆದರೆ ಒಳಗಿನ ಗಾಳಿ 85 ಮಿ.ಲೀ.ವರೆಗೆ ಹಿಗ್ಗುತ್ತದೆ, ಅಷ್ಟೇ. ಪೌಚು ಇನ್ನೂ ಸಡಿಲವಾಗಿಯೇ ಇದೆ, ಒಳಗೂ ಹೊರಗೂ ಒತ್ತಡ ಒಂದೇ. ತೂತಿದ್ದರೂ ಗಾಳಿಯನ್ನು ಹೊರಗೆ ತಳ್ಳುವವರಿಲ್ಲ. 275 ಮಿ.ಮೀ. ದಾಟಿದ ಮೇಲೆಯೇ ಪೌಚು ಬಿಗಿಯಾಗಿ, ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚುತ್ತದೆ. ಹಾಗಾಗಿ ‘200ರಲ್ಲಿ 30 ಸೆಕೆಂಡು, ಪಾಸ್’ ಎಂದು ಬರೆದ ರಿಜಿಸ್ಟರು ಈ ಪೌಚಿನ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಪೌಚು ದಿಂಬಿನಂತೆ ಬಿಗಿಯಾದ ಬಿಂದು ಯಾವುದೆಂದು ಕಣ್ಣಿಂದ ನೋಡಿ ಗುರುತಿಸಿ, ಅದಕ್ಕೆ ಇನ್ನೂ 100ರಿಂದ 150 ಮಿ.ಮೀ. ಸೇರಿಸಿ ಪರೀಕ್ಷೆಯ ಮಟ್ಟ ನಿಗದಿ ಮಾಡಿ. ತೂತುಗಳಿರುವ ಎರಡು ಅಕ್ರಿಲಿಕ್ ತಟ್ಟೆಗಳ ನಡುವೆ ಪೌಚನ್ನು ಹಿಡಿದರೆ ಕಡಿಮೆ ಎಳೆತದಲ್ಲೇ ಬಿಗಿಯಾಗುತ್ತದೆ, ಒಳ್ಳೆಯ ಸೀಲು ಎಳೆತಕ್ಕೆ ಹರಿಯುವುದೂ ತಪ್ಪುತ್ತದೆ. ಜಾರಿನ ಜೊತೆ ಬರುವುದು ಸಾಮಾನ್ಯವಾಗಿ ಮೇಲಿನಿಂದ ಅದುಮುವ ಒಂದೇ ತಟ್ಟೆ, ಇನ್ನೊಂದನ್ನು ಮಾಡಿಸಿಕೊಳ್ಳಿ.

ನಡೆಸುವ ಬಗೆ

ಮೊದಲು ನೀರು. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಯ ಗಡಸು ನೀರು ಹಾಕಿದರೆ ಜಾರಿನ ಗೋಡೆಗೆ ಬಿಳಿ ಪೊರೆ ಕಟ್ಟಿ ಒಳಗೆ ಏನೂ ಕಾಣದಂತಾಗುತ್ತದೆ. ಆರ್‌ಒ ನೀರು ಬಳಸಿ. ಹೊಸದಾಗಿ ತುಂಬಿದ ಯಾವ ನೀರಿನಲ್ಲೂ ಕರಗಿದ ಗಾಳಿ ಇರುತ್ತದೆ, ಎಳೆದ ಕೂಡಲೇ ಸೋಡಾದಂತೆ ನೊರೆಯುತ್ತದೆ. ಪ್ಯಾಕು ಹಾಕುವ ಮೊದಲು ಖಾಲಿ ನೀರನ್ನೇ 5 ನಿಮಿಷ ಪೂರ್ತಿ ಎಳೆತದಲ್ಲಿ ಬಿಡಿ; ಅಥವಾ ಹಿಂದಿನ ದಿನ ಕುದಿಸಿ ಆರಿಸಿದ್ದನ್ನು ತುಂಬಿ.

ಎರಡನೆಯದು ಜಾರಿನದ್ದೇ ಪರೀಕ್ಷೆ. 500 ಮಿ.ಮೀ.ಗೆ ಎಳೆದು, ವಾಲ್ವ್ ಮುಚ್ಚಿ, 5 ನಿಮಿಷ ಬಿಡಿ. ಮುಳ್ಳು 25ಕ್ಕಿಂತ ಹೆಚ್ಚು ಇಳಿದರೆ ಗ್ಯಾಸ್ಕೆಟ್ ನೋಡಿ. ಸಾಮಾನ್ಯ ಅಪರಾಧಿ ಎಂದರೆ ಮುಚ್ಚಳದ ಸಿಲಿಕೋನ್ ಉಂಗುರದ ಮೇಲೆ ಕೂತ ಒಂದು ಕಣ ಪುಡಿ.

ಪ್ಯಾಕನ್ನು ನೀರಿನ ಮಟ್ಟಕ್ಕಿಂತ ಕನಿಷ್ಠ 25 ಮಿ.ಮೀ. ಕೆಳಗೆ ಹಿಡಿಯಬೇಕು. ಈ ಗುಳ್ಳೆ ಪರೀಕ್ಷೆಗೆ ಆಧಾರವಾದ ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಡಿ3078 ಮಾನದಂಡ ಹೇಳುವುದೂ ಇದನ್ನೇ. ಎಳೆತವನ್ನು ಒಮ್ಮೆಗೇ ಏರಿಸದೆ ಅರ್ಧ ನಿಮಿಷದಲ್ಲಿ ನಿಧಾನವಾಗಿ ಏರಿಸಿ, ನಿಗದಿತ ಮಟ್ಟದಲ್ಲಿ 30 ಸೆಕೆಂಡು ನಿಲ್ಲಿಸಿ, ಅಷ್ಟೂ ಹೊತ್ತು ಕಣ್ಣು ತೆಗೆಯಬೇಡಿ. ಟೈಮರ್ ಸದ್ದು ಮಾಡಿದ ಮೇಲೆ ಬಂದು ನೋಡುವುದು ಪರೀಕ್ಷೆಯಲ್ಲ. ಜಾರಿನ ಹಿಂದೆ ಕಪ್ಪು ಹಾಳೆ, ಪಕ್ಕದಿಂದ ಒಂದು ಎಲ್‌ಇಡಿ ಪಟ್ಟಿ ಇಟ್ಟರೆ ಸಣ್ಣ ಗುಳ್ಳೆಯೂ ಹೊಳೆಯುತ್ತದೆ. ಈ ಎರಡು ವಸ್ತುಗಳಿಂದ ಆಗುವ ಸುಧಾರಣೆ ದುಬಾರಿ ಟಚ್-ಸ್ಕ್ರೀನ್ ಮಾದರಿಯಿಂದ ಆಗುವುದಿಲ್ಲ.

ಸುಳ್ಳು ಗುಳ್ಳೆಯನ್ನು ಬೇರ್ಪಡಿಸುವುದೇ ಇಲ್ಲಿನ ಕಸುಬು. ಪೌಚಿನ ಬದಿಯ ಗಸೆಟ್ ಮಡಿಕೆ, ಸೀಲಿನ ಗೀರುಗಳು, ಹರಿಯಲು ಕೊಟ್ಟ ಕಚ್ಚು, ಚುಚ್ಚುಮದ್ದಿನ ವಯಲ್‌ನ ಫ್ಲಿಪ್-ಆಫ್ ಮುಚ್ಚಳದ ಅಡಿ ಎಲ್ಲ ಕಡೆ ಗಾಳಿ ಸಿಕ್ಕಿಕೊಂಡಿರುತ್ತದೆ. ಆ ಗಾಳಿ ಒಂದೆರಡು ಸಲ ಗುಳ್ಳೆಯಾಗಿ ಎದ್ದು ಮುಗಿದುಹೋಗುತ್ತದೆ. ನಿಜವಾದ ಲೀಕಾದರೆ ಒಂದೇ ಜಾಗದಿಂದ, ದಾರದಲ್ಲಿ ಪೋಣಿಸಿದಂತೆ, ನಿಲ್ಲದೆ ಬರುತ್ತದೆ. ಎಳೆತ ಹೆಚ್ಚಿಸಿದರೆ ಸಾಲು ದಟ್ಟವಾಗುತ್ತದೆ. ಎಳೆತ ಕೊಡುವ ಮೊದಲು ಪ್ಯಾಕಿನ ಅಂಚುಗಳನ್ನು ನೀರೊಳಗೇ ಬೆರಳಿಂದ ಸವರಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಗಾಳಿ ಇರುವ ಕಡೆ ಮಾತ್ರ ಗುಳ್ಳೆ ಬರುತ್ತದೆ ಎಂಬುದೂ ನೆನಪಿರಲಿ. ಪ್ಯೂರಿಯೋ ಉಪ್ಪಿನಕಾಯಿಯೋ ತುಂಬಿದ ಪೌಚನ್ನು ನೆಟ್ಟಗೆ ನಿಲ್ಲಿಸಿದರೆ ಕೆಳಗಿನ ಸೀಲಿಗೆ ಗಾಳಿ ತಾಗುವುದೇ ಇಲ್ಲ. ಅಲ್ಲಿ ತೂತಿದ್ದರೆ ಮಸಾಲೆಯೇ ಬಿರಡೆಯಂತೆ ಕೂತಿರುತ್ತದೆ. ತಲೆಕೆಳಗು ಮಾಡಿ ಇನ್ನೊಮ್ಮೆ ಪರೀಕ್ಷಿಸಿ. ಗಾಳಿಯನ್ನೆಲ್ಲ ತೆಗೆದು ಮಾಡಿದ ವ್ಯಾಕ್ಯೂಮ್ ಪ್ಯಾಕಿಗೆ, ಗಾಳಿ ಉಳಿಸದೆ ತುಂಬಿದ ರಿಟಾರ್ಟ್ ಪೌಚಿಗೆ (ಸೀಲ್ ಮಾಡಿದ ಮೇಲೆ ಹೆಚ್ಚು ಉಷ್ಣದಲ್ಲಿ ಬೇಯಿಸುವಂಥದ್ದು) ಈ ಜಾರು ಉಪಯೋಗವಿಲ್ಲ.

ಗೊತ್ತಿರುವ ತೂತಿನಿಂದ ಶುರು ಮಾಡಿ

ಉಪಕರಣ ಏನನ್ನು ಹಿಡಿಯುತ್ತದೆ ಎಂದು ತಿಳಿಯಲು ಬೇಕೆಂದೇ ಕೆಡಿಸಿದ ಪ್ಯಾಕು ಬೇಕು. 31 ನಂಬರಿನ ಇನ್ಸುಲಿನ್ ಸೂಜಿ ಸುಮಾರು 0.25 ಮಿ.ಮೀ.; ಅದರಿಂದ ಚುಚ್ಚಿದ ಪೌಚು ಒರಟು ಪರೀಕ್ಷೆಗೆ ಸರಿ (ಫಿಲ್ಮು ಹಿಂದಕ್ಕೆ ಕುಗ್ಗುವುದರಿಂದ ನಿಜವಾದ ತೂತು ಸೂಜಿಗಿಂತ ಸಣ್ಣದಾಗಿರುತ್ತದೆ). ಸೀಲನ್ನು ಅಡ್ಡಲಾಗಿ ಹಾಯುವ ಸುರಂಗದಂಥ ಲೀಕಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಯ ತಾಮ್ರದ ತಂತಿ ಒಳ್ಳೆಯದು: 36 ನಂಬರಿನ ತಂತಿ 0.19 ಮಿ.ಮೀ., 44 ನಂಬರಿನದು 0.08, 47 ನಂಬರಿನದು 0.05. ತಂತಿಯನ್ನು ಸೀಲಿಗೆ ಅಡ್ಡಲಾಗಿ ಇಟ್ಟು ಜಾ (ಸೀಲ್ ಒತ್ತುವ ಬಿಸಿ ದವಡೆ) ಮುಚ್ಚಿಸಿ, ಬಿಸಿ ಆರಿದ ಮೇಲೆ ಮೆಲ್ಲಗೆ ಎಳೆದುಕೊಂಡರೆ ಅಷ್ಟೇ ಅಗಲದ ದಾರಿ ಉಳಿಯುತ್ತದೆ. ಪ್ರತಿ ಶಿಫ್ಟಿನ ಮೊದಲು ಇಂಥ ಒಂದು ಪ್ಯಾಕನ್ನು ಒಳ್ಳೆಯ ನಾಲ್ಕರ ಜೊತೆ ಬೆರೆಸಿ, ನೋಡುವವರಿಗೆ ಯಾವುದೆಂದು ಹೇಳದೆ ಕೊಡಿ. 0.19ರ ಸುರಂಗವನ್ನೂ ಹಿಡಿಯಲಾಗದಿದ್ದರೆ ಆ ದಿನ ಬೆಳಕೋ ನೀರೋ ಎಳೆತವೋ ಯಾವುದೋ ಒಂದು ಸರಿಯಿಲ್ಲ.

ಈಗ ಮೊದಲಲ್ಲೇ ಹೇಳಿದ ನೀರಿನ ಸ್ವಭಾವದ ಲೆಕ್ಕ. ತೂತಿನ ಬಾಯಲ್ಲಿ ನೀರು ಇರುತ್ತದೆ, ಅದರ ಮೇಲ್ಮೈ ಸೆಳೆತ ಗಾಳಿಯನ್ನು ತಡೆಯುತ್ತದೆ. 50 ಮೈಕ್ರಾನ್ (0.05 ಮಿ.ಮೀ.) ತೂತಿನಿಂದ ನೀರನ್ನು ತಳ್ಳಿ ಗುಳ್ಳೆ ಹೊರಬರಲು ಸುಮಾರು 43 ಮಿ.ಮೀ. ಪಾದರಸದಷ್ಟು ಒತ್ತಡ ವ್ಯತ್ಯಾಸ ಸಾಕು. 10 ಮೈಕ್ರಾನಿಗೆ 216 ಬೇಕು. 5 ಮೈಕ್ರಾನಿಗೆ 430. 3 ಮೈಕ್ರಾನಿಗೆ ಬರುವ ಹೊತ್ತಿಗೆ ನಮ್ಮೂರಿನ ಇಡೀ ಗಾಳಿಯೊತ್ತಡವೇ ಮುಗಿದುಹೋಗುತ್ತದೆ! ಒಂದೆರಡು ಹನಿ ಪಾಲಿಸಾರ್ಬೇಟ್ 80 ಹಾಕಿದರೆ ಸೆಳೆತ ಅರ್ಧದ ಹತ್ತಿರ ಇಳಿದು ಸ್ವಲ್ಪ ಅನುಕೂಲವಾಗುತ್ತದೆ, ಆದರೂ 1 ಮೈಕ್ರಾನಿನ ತೂತು ಈ ಜಾರಿಗೆ ಎಂದಿಗೂ ಕಾಣುವುದಿಲ್ಲ. ಸ್ಟೆರೈಲ್ ಔಷಧ ಸೋಸುವ ಫಿಲ್ಟರಿನ ರಂಧ್ರ 0.22 ಮೈಕ್ರಾನ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಆಹಾರದ ಪೌಚಿನಲ್ಲಿ ನಮ್ಮನ್ನು ಕಾಡುವುದು ಸುಕ್ಕು, ಪುಡಿ, ಅರೆಬೆಂದ ಸೀಲು. ಅವು ಬಹುತೇಕ ಹತ್ತಾರು ಮೈಕ್ರಾನಿಗಿಂತ ದೊಡ್ಡವು, ಜಾರಿಗೆ ಸಿಗುತ್ತವೆ. ಚುಚ್ಚುಮದ್ದಿನ ವಯಲ್‌ಗೆ ಅಷ್ಟು ಸಾಲದು.

ಬಣ್ಣದ ನೀರು

ಮಾತ್ರೆಯ ಬ್ಲಿಸ್ಟರ್, ಸ್ಟ್ರಿಪ್, ಆಂಪೂಲ್‌ಗಳಿಗೆ ಇದೇ ಜಾರಿನಲ್ಲಿ ಮಿಥಿಲೀನ್ ಬ್ಲೂ ದ್ರಾವಣ ಬಳಸುತ್ತಾರೆ: ಲೀಟರಿಗೆ 1 ಗ್ರಾಂ, ಅಂದರೆ 0.1 ಶೇಕಡಾ. ಗುಳ್ಳೆ ಪರೀಕ್ಷೆಯಲ್ಲಿ ಒಳಗಿನ ಗಾಳಿ ಹೊರಬರುವುದನ್ನು ನೋಡುತ್ತೇವೆ, ಇಲ್ಲಿ ಹೊರಗಿನ ಬಣ್ಣ ಒಳಹೋಗುವುದನ್ನು. ಬಣ್ಣ ಒಳಹೋಗುವುದು ಎಳೆತ ಇರುವಾಗ ಅಲ್ಲ, ಬಿಟ್ಟ ಮೇಲೆ. ಎಳೆತ ಬಿಟ್ಟ ತಕ್ಷಣ ಸ್ಟ್ರಿಪ್ ತೆಗೆದು ಒರೆಸಿ ನೋಡಿ ‘ಪಾಸ್’ ಬರೆಯುವುದು ಈ ಪರೀಕ್ಷೆಯಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ಯುರೋಪಿನ ಫಾರ್ಮಕೋಪಿಯಾದಲ್ಲಿ (ಔಷಧ ಗುಣಮಟ್ಟದ ಗ್ರಂಥ) ರಬ್ಬರ್ ಮುಚ್ಚಳ ಸೂಜಿ ಚುಚ್ಚಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆಯೇ ಎಂದು ನೋಡುವ ಕ್ರಮ ಇದನ್ನು ಚೆನ್ನಾಗಿ ಹೇಳಿಕೊಡುತ್ತದೆ: 0.1 ಶೇಕಡಾ ಮಿಥಿಲೀನ್ ಬ್ಲೂನಲ್ಲಿ ಮುಳುಗಿಸಿ, 27 ಕಿಲೋಪಾಸ್ಕಲ್ ಅಂದರೆ ಸುಮಾರು 200 ಮಿ.ಮೀ. ಎಳೆತ 10 ನಿಮಿಷ, ಎಳೆತ ಬಿಟ್ಟ ಮೇಲೆ ಬಣ್ಣದಲ್ಲೇ ಇನ್ನೂ 30 ನಿಮಿಷ.

ಎರಡು ಬಲೆಗಳಿವೆ. ಬಣ್ಣದ ಕೋಟಿಂಗ್ ಇರುವ ಮಾತ್ರೆಯಲ್ಲಿ ನೀಲಿ ಕಲೆ ಕಾಣದೆ ತಪ್ಪಿಸಿಕೊಳ್ಳುತ್ತದೆ. ಅಂಥ ಕಡೆ ಮಾತ್ರೆಯ ಬದಲು ಪ್ರತಿ ಗುಳಿಯಲ್ಲಿ ಬಿಳಿ ಫಿಲ್ಟರ್ ಕಾಗದದ ಚೂರಿಟ್ಟು ಸೀಲ್ ಮಾಡಿಸಿ. ಎರಡನೆಯದು ಇನ್ನೂ ಮೋಸದ್ದು. ವಿಟಮಿನ್ ಸಿ ಮಿಥಿಲೀನ್ ಬ್ಲೂವಿನ ಬಣ್ಣವನ್ನೇ ಅಳಿಸಿಬಿಡುತ್ತದೆ. ವಿಟಮಿನ್ ಸಿ ಮಾತ್ರೆಯ, ಹಣ್ಣಿನ ತಿರುಳಿನ ಪ್ಯಾಕಿನಲ್ಲಿ ಬಣ್ಣ ಒಳಗೆ ಹೋಗಿಯೂ ಮಾಯವಾಗಬಹುದು. ಅಂಥವಕ್ಕೆ ಬ್ರಿಲಿಯಂಟ್ ಬ್ಲೂ ಆಹಾರ ಬಣ್ಣ ವಾಸಿ. ಬಣ್ಣದ ಪರೀಕ್ಷೆಗೆ ಹೋದ ಒಂದೇ ಒಂದು ಪ್ಯಾಕೂ ಮಾಲಿಗೆ ವಾಪಸ್ ಸೇರಬಾರದು. ಆ ಜಾರನ್ನು ಪ್ಯಾಕಿಂಗ್ ಹಾಲಿನಿಂದ ಹೊರಗಿಡುವುದೇ ಕ್ಷೇಮ.

ಆಸ್ಪತ್ರೆ ಸಾಮಗ್ರಿಯ ಪೌಚುಗಳಿಗೆ, ಒಂದು ಬದಿ ಟೈವೆಕ್ (ಗಾಳಿ ಹಾಯುವ ಪ್ಲಾಸ್ಟಿಕ್ ಹಾಳೆ) ಅಥವಾ ಕಾಗದ ಇರುವುದರಿಂದ, ಜಾರೇ ಬೇಡ. ಉಸಿರಾಡುವ ಆ ಬದಿಯಿಂದಲೇ ಗಾಳಿ ಹೊರಗೆ ಬರುತ್ತದೆ. ಎಎಸ್‌ಟಿಎಂ ಎಫ್1929 ಕ್ರಮದಲ್ಲಿ 0.05 ಶೇಕಡಾ ಟೊಲುಯಿಡೀನ್ ಬ್ಲೂ, 0.5 ಶೇಕಡಾ ಟ್ರೈಟಾನ್ ಎಕ್ಸ್-100 ಬೆರೆಸಿದ ನೀರನ್ನು ಸಿರಿಂಜಿನಿಂದ ಒಳಗೆ ಬಿಟ್ಟು, ಒಂದೊಂದು ಅಂಚಿನ ಮೇಲೂ 5 ಸೆಕೆಂಡು ನಿಲ್ಲಿಸಿ, ಪಾರದರ್ಶಕ ಬದಿಯಿಂದ ನೋಡುತ್ತಾರೆ. 50 ಮೈಕ್ರಾನಿನ ಸುರಂಗವೂ ನೀಲಿ ಗೆರೆಯಾಗಿ ಕಾಣುತ್ತದೆ. ತಡ ಮಾಡಿದರೆ ಕಾಗದವೇ ಬಣ್ಣ ಹೀರಿ ಇಡೀ ಸೀಲು ನೀಲಿಯಾಗುತ್ತದೆ, ಆಗ ಯಾವುದು ಲೀಕು ಯಾವುದು ಹೀರಿದ್ದು ಹೇಳಲಾಗದು. ಈ ಕ್ರಮಕ್ಕೆ ಬೇಕಾದ ಖರ್ಚು ಜಾರಿನ ಮುಂದೆ ಏನೇನೂ ಅಲ್ಲ.

ಲೀಕು ಸಿಕ್ಕಿತು, ಮುಂದೆ?

ಗುಳ್ಳೆ ಎದ್ದ ಜಾಗವೇ ಕಾರಣವನ್ನು ಹೇಳುತ್ತದೆ. ಹಿಂಬದಿಯ ಉದ್ದ ಸೀಲು ಮೇಲಿನ ಅಡ್ಡ ಸೀಲನ್ನು ಕೂಡುವ ಮೂಲೆಯಿಂದ ಬಂದರೆ, ಅಲ್ಲಿ ಎರಡು ಪದರದ ಪಕ್ಕ ನಾಲ್ಕು ಪದರ ಇದೆ. ಆ ಮೆಟ್ಟಿಲಿನ ಬುಡ ತುಂಬುವಷ್ಟು ಪ್ಲಾಸ್ಟಿಕ್ ಕರಗಿ ಹರಿದಿಲ್ಲ. ಜಾ ಒತ್ತಡ ಅಥವಾ ಹಿಡಿಯುವ ಸಮಯ ಹೆಚ್ಚಿಸಿ. ಅಡ್ಡ ಸೀಲಿನ ಉದ್ದಕ್ಕೂ ಎಲ್ಲೆಂದರಲ್ಲಿ ಬಂದರೆ ಸೀಲಿನೊಳಗೆ ಪುಡಿ ಸಿಕ್ಕಿದೆ. ತಿಪಟೂರು ಕಡೆಯ ಕೊಬ್ಬರಿ ಪುಡಿಯಲ್ಲಿ ಇದು ದೊಡ್ಡ ಸಮಸ್ಯೆ, ಪುಡಿಯ ಜೊತೆ ಕೊಬ್ಬೂ ಫಿಲ್ಮಿಗೆ ಅಂಟುತ್ತದೆ. ಪುಡಿ ಪೂರ್ತಿ ಇಳಿದ ಮೇಲೆ ಜಾ ಮುಚ್ಚುವಂತೆ ಸಮಯ ತುಸು ತಡವಾಗಿಸಬೇಕು, ಫಿಲ್ಮಿನ ಸ್ಟ್ಯಾಟಿಕ್ ತೆಗೆಯುವ ಪಟ್ಟಿ ಹಾಕಬೇಕು. ಬರಿಯ ಉಷ್ಣ ಏರಿಸಿದರೆ ಸುಟ್ಟ ಸೀಲು ಸಿಗುತ್ತದೆ, ಲೀಕು ಹಾಗೆಯೇ ಇರುತ್ತದೆ. ಪ್ರತಿ ಹತ್ತನೆಯದೋ ಹನ್ನೆರಡನೆಯದೋ ಪ್ಯಾಕು ಒಂದೇ ಜಾಗದಲ್ಲಿ ಲೀಕಾದರೆ ಅಷ್ಟು ಜಾಗಳಿರುವ ರೋಟರಿ ಯಂತ್ರದ ಯಾವುದೋ ಒಂದು ಜಾ ಹಾಳಾಗಿದೆ.

ಇಲ್ಲಿ ಸೀಲಿನ ಬಲ ಅಳೆಯುವ ಪೀಲ್ ಟೆಸ್ಟರ್ ಜೊತೆಗಿದ್ದರೆ ಕೆಲಸ ಹಗುರ. 15 ಅಥವಾ 25 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ನಿಮಿಷಕ್ಕೆ 200ರಿಂದ 300 ಮಿ.ಮೀ. ವೇಗದಲ್ಲಿ ಎಳೆಯುವುದು ಎಎಸ್‌ಟಿಎಂ ಎಫ್88 ಕ್ರಮ. ಕೈಯಿಂದ ಎಳೆಯುವ ಕೊಕ್ಕೆ ತಕ್ಕಡಿ ಬೇಡ, ಎಳೆದ ವೇಗದ ಮೇಲೆ ಸಂಖ್ಯೆ ಬದಲಾಗುತ್ತದೆ. ಸೀಲಿಂಗ್ ಉಷ್ಣವನ್ನು 5 ಡಿಗ್ರಿಯಂತೆ ಏರಿಸುತ್ತ ಪ್ರತಿ ಹಂತದಲ್ಲೂ ಐದು ಪಟ್ಟಿ ಎಳೆದು ನಕ್ಷೆ ಬರೆದರೆ, ಬಲ ಏರಿ ಸಮತಟ್ಟಾಗುವ ಜಾಗ ಕಾಣುತ್ತದೆ. ಯಂತ್ರವನ್ನು ಆ ತಟ್ಟಿನ ನಡುವೆ ಓಡಿಸಿ. ರಿಟಾರ್ಟ್ ಪೌಚಿಗೆ ಜಪಾನಿನ ನಿಯಮ ಕೇಳುವ 15 ಮಿ.ಮೀ.ಗೆ 23 ನ್ಯೂಟನ್ ಒಳ್ಳೆಯ ಗುರಿ. ಸಂಖ್ಯೆಯ ಜೊತೆ ಪಟ್ಟಿ ಹೇಗೆ ಬಿಟ್ಟಿತು ಎಂದೂ ಬರೆದಿಡಿ: ಸೀಲು ಬಿಚ್ಚಿಕೊಂಡಿತೋ, ಪದರ ಬೇರೆಯಾಯಿತೋ, ಫಿಲ್ಮೇ ಹರಿಯಿತೋ. ಪದರ ಬೇರೆಯಾದರೆ ದೂರು ಹೋಗಬೇಕಾದ್ದು ಲ್ಯಾಮಿನೇಟ್ ಮಾಡಿದವರಿಗೆ. ಆದರೆ ಬಲವಾದ ಸೀಲೆಂದರೆ ಲೀಕಿಲ್ಲದ ಸೀಲಲ್ಲ. ಒಂದು ಸುಕ್ಕು ಬಿಟ್ಟು ಉಳಿದೆಲ್ಲ ಗಟ್ಟಿ ಇದ್ದರೂ ಪೌಚು ಕೆಡುತ್ತದೆ.

ಗಂಟೆಗೆ ಐದು ಪ್ಯಾಕು ಪರೀಕ್ಷಿಸುವ ರೂಢಿಯ ಮಿತಿಯನ್ನೂ ತಿಳಿದಿರಬೇಕು. ನೂರಕ್ಕೊಂದು ಪ್ಯಾಕು ಲೀಕಾಗುತ್ತಿದ್ದರೆ ಐದರಲ್ಲಿ ಅದು ಸಿಗುವ ಸಾಧ್ಯತೆ 5 ಶೇಕಡಾಕ್ಕೂ ಕಡಿಮೆ. 95 ಶೇಕಡಾ ಖಾತ್ರಿ ಬೇಕೆಂದರೆ 300 ಪ್ಯಾಕು ನೋಡಬೇಕು. ಹಾಗಾಗಿ ಜಾರನ್ನು ಯಂತ್ರದ ಹೊಂದಾಣಿಕೆ ಕೆಟ್ಟಿದ್ದನ್ನು ತೋರುವ ಎಚ್ಚರಿಕೆಯ ಗಂಟೆಯಂತೆ ಬಳಸಿ. ಫಿಲ್ಮ್ ರೋಲ್ ಬದಲಾದ ಕೂಡಲೇ, ಯಂತ್ರ ನಿಂತು ಮತ್ತೆ ಹೊರಟ ಕೂಡಲೇ, ಊಟದ ಬಿಡುವಿನ ನಂತರ ಹೆಚ್ಚು ಪ್ಯಾಕು ಹಾಕಿ. ಸೀಲು ಕೆಡುವುದು ಹೆಚ್ಚಾಗಿ ಆ ಹೊತ್ತಿನಲ್ಲಿ.

ಸ್ಟೆರೈಲ್ ಮಾಲಿನವರಿಗೆ

ಅಮೆರಿಕದ ಫಾರ್ಮಕೋಪಿಯಾದ 1207ನೇ ಅಧ್ಯಾಯ ಗುಳ್ಳೆ ಮತ್ತು ಬಣ್ಣದ ಪರೀಕ್ಷೆಗಳನ್ನು ಸಂಭಾವ್ಯತೆಯನ್ನು ಅವಲಂಬಿಸಿದ ವಿಧಾನಗಳೆಂದು ಪಕ್ಕಕ್ಕಿಟ್ಟು, ಅಳತೆಯ ಸಂಖ್ಯೆ ಕೊಡುವ ವಿಧಾನಗಳಿಗೆ ಒತ್ತು ಕೊಡುತ್ತದೆ: ವ್ಯಾಕ್ಯೂಮ್ ಡಿಕೇ, ಹೈ-ವೋಲ್ಟೇಜ್ ಪರೀಕ್ಷೆ, ಲೇಸರ್ ಹೆಡ್‌ಸ್ಪೇಸ್, ಹೀಲಿಯಂ. ಯುರೋಪಿನ ಜಿಎಂಪಿ (ಔಷಧ ತಯಾರಿಕೆಯ ಉತ್ತಮ ಕ್ರಮ) ನಿಯಮಗಳ ಅನೆಕ್ಸ್ 1ರ 2022ರ ಪರಿಷ್ಕರಣೆ, ಗಾಜಿನ ಆಂಪೂಲಿನಂತೆ ಕರಗಿಸಿ ಮುಚ್ಚಿದ ಪಾತ್ರೆಗಳನ್ನು ಒಂದೂ ಬಿಡದೆ ಪರೀಕ್ಷಿಸಬೇಕು, ಬರಿಗಣ್ಣಿನ ತಪಾಸಣೆ ಅದಕ್ಕೆ ಸಮವಲ್ಲ ಎನ್ನುತ್ತದೆ. ರಫ್ತಿನ ಯೋಚನೆ ಇರುವ ಘಟಕ ಜಾರಿಗೆ ಹಾಕುವ ಹಣವನ್ನು ಉಳಿಸಿ ವ್ಯಾಕ್ಯೂಮ್ ಡಿಕೇ ಕಡೆ ನೋಡುವುದು ಸರಿ.

ಅದು ಎಎಸ್‌ಟಿಎಂ ಎಫ್2338 ಪ್ರಕಾರ ನಡೆಯುತ್ತದೆ. ಪ್ಯಾಕಿನ ಆಕಾರಕ್ಕೇ ಕೊರೆದ ಒಣ ಕೋಣೆಯಲ್ಲಿ ಎಳೆತ ಕೊಟ್ಟು, ಅದು ಎಷ್ಟು ಇಳಿಯಿತೆಂದು ಸೆನ್ಸರ್ ಓದುತ್ತದೆ. ಪ್ಯಾಕು ಹಾಳಾಗುವುದಿಲ್ಲ, ನೋಡುವವರ ಕಣ್ಣಿನ ಮೇಲೆ ಫಲಿತಾಂಶ ನಿಂತಿಲ್ಲ. ಬೆಲೆ ಜಾರಿನ ಹಲವು ಪಟ್ಟು, ಪ್ರತಿ ಗಾತ್ರದ ಪ್ಯಾಕಿಗೂ ಬೇರೆ ಕೋಣೆ. ಕೋಲ್ಡ್ ರೂಮಿನಿಂದ ತಂದ ವಯಲ್ ನೇರ ಹಾಕಿದರೆ ಮೇಲಿನ ತೇವ ಆವಿಯಾಗಿ ಸುಳ್ಳು ಲೀಕು ತೋರಿಸುತ್ತದೆ, ಪ್ರೋಟೀನ್ ಇರುವ ಔಷಧ ತೂತಿನಲ್ಲಿ ಒಣಗಿ ನಿಂತರೆ ನಿಜವಾದ ಲೀಕು ಅಡಗುತ್ತದೆ. ಮೊದಲು ನಿಮ್ಮ ಪ್ಯಾಕನ್ನೇ ಲೇಸರಿನಿಂದ ತೂತು ಮಾಡಿಸಿ ಡೆಮೊ ಕೇಳಿ, ಆಮೇಲೆ ಆರ್ಡರು.

ಜಾರು ಕೊಳ್ಳುವವರು ಆರ್ಡರಿನಲ್ಲೇ ಬರೆಸಬೇಕಾದ್ದು ಇಷ್ಟು: ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ಕ್ಯಾಲಿಬ್ರೇಷನ್ ಪತ್ರ ಇರುವ ಗೇಜ್, ಎರಡು ಹೆಚ್ಚುವರಿ ಗ್ಯಾಸ್ಕೆಟ್, ತೂತಿನ ತಟ್ಟೆ ಎರಡು, ನಾನ್-ರಿಟರ್ನ್ ವಾಲ್ವ್, ಬಿಡಿ ಜಾರಿನ ಬೆಲೆ. ಗೇಜನ್ನು ವರ್ಷಕ್ಕೊಮ್ಮೆ ಮತ್ತೆ ಕ್ಯಾಲಿಬ್ರೇಟ್ ಮಾಡಿಸಿ. ಯಂತ್ರ ಬಂದ ದಿನ ಸರಬರಾಜು ಮಾಡಿದವರ ಎದುರಿಗೇ 47 ನಂಬರಿನ ತಂತಿ ಎಳೆದ ಒಂದು ಪೌಚನ್ನು ನೀರಿಗೆ ಹಾಕಿ, ಗುಳ್ಳೆಯ ಸಾಲು ಕಂಡ ಮೇಲೆಯೇ ಚಲನ್‌ಗೆ ಸಹಿ ಹಾಕಿ.